ಹಚ್ಚೊಳ್ಳಿಯವರ ಪಾಳಿ

ಬಳ್ಳಾರಿಯ ಮನೆಯಲ್ಲಿ ಕೂತು ಎಂ.ಎ. ಮಕ್ಕಳಿಗೆ ಆನ್‌ಲೈನಿನಲ್ಲಿ ಅರ್ಥಶಾಸ್ತ್ರ ಹೇಳುವುದೂ ಒಂದೇ, ಗೋಡೆಗೆ ಹೇಳುವುದೂ ಒಂದೇ. ಎಲ್ಲರ ಕ್ಯಾಮೆರಾ ಬಂದ್. "ತಿಳೀತೇನ್ರಪಾ?" ಎಂದರೆ ಹಚ್ಚೊಳ್ಳಿ ಎಂಬ ಹಳ್ಳಿಯಿಂದ ಸೇರಿಕೊಂಡಿರುವ ಆರೂ ಮಂದಿಯಿಂದ "ಯೆಸ್ ಸರ್" ಎಂಬ ಮೆಸೇಜು ಬರುತ್ತದೆ. ಏನಾದರೂ ಪ್ರಶ್ನೆ ಕೇಳ್ರಪ್ಪಾ ಎಂದು ವರ್ಷವಿಡೀ ಅಂಗಲಾಚಿದ್ದೇನೆ. ಒಬ್ಬರೂ ಬಾಯಿ ಬಿಟ್ಟಿಲ್ಲ.

ಇವತ್ತು ತಲೆಕೆಟ್ಟು, ಆ ಆರೂ ಜನರ ಮೈಕನ್ನು ಒಂದೊಂದಾಗಿ ಆನ್ ಮಾಡಿಸಿದೆ. ಆರರಲ್ಲೂ ಅದೇ ಮೇಕೆ ಅರಚುತ್ತಿತ್ತು.

"ಯಾರದೀರಿ ಅಲ್ಲಿ?" ಎಂದು ಗದರಿದೆ.

"ನಾನೊಬ್ಬಾಕಿನೇ ಅದೀನ್ರಿ ಸರ್, ಖುಷ್ಬೂ. ಊರಾಗ ಭತ್ತದ ನಾಟಿ ನಡದೈತ್ರಿ. ಕಾಲುವಿ ನೀರಿಗೆ ಮಾಡ್ಕೊಂಡಂಗ ಕ್ಲಾಸಿಗೂ ಪಾಳಿ ಮಾಡ್ಕೊಂಡೀವಿ. ಇವತ್ತು ನಂದು. ಎಲ್ಲಾರ ಫೋನೂ ನನ್ನ ಮುಂದ ಅದಾವು. ಅವರು ಹೊಲದಿಂದ ಬಂದ ಮ್ಯಾಲೆ ನಾನು ಪಾಠ ಹೇಳ್ತೀನ್ರಿ."

ಸಿಟ್ಟು ನೆತ್ತಿಗೇರಿತು. "ನಿನ್ನ ಮುಂದಾನೂ ಹಿಂಗ ಬಾಯಿಗೆ ಬೀಗ ಹಾಕ್ಕೊಂಡು ಕುಂದರ್ತಾರೇನು?"

"ಎಲ್ಲೀದ್ರಿ ಸರ್," ಖುಷ್ಬೂ ನಿಟ್ಟುಸಿರು ಬಿಟ್ಟಳು. "ಒಂದು ಮಾತು ಹೇಳಿದ್ರ ಹತ್ತು ಪ್ರಶ್ನಿ ಕೇಳ್ತಾರ. ನನ್ನ ತಲಿ ತಿಂದುಬಿಡ್ತಾರ್ರಿ."