ನಿಂಬೆವ್ವನ ದನಿ ನನ್ನಲ್ಲಿತ್ತು

ನಾನು ಒಂದು ಟೇಪಿನ ಸುರುಳಿ. ಅಂಗಡಿಯಲ್ಲಿ ಸಿಗುವ ಕ್ಯಾಸೆಟ್ಟಲ್ಲ. ಕ್ಯಾಸೆಟ್ಟುಗಳೆಲ್ಲ ಯಾವುದರಿಂದ ಇಳಿಯುತ್ತವೋ ಆ ಮೂಲ. ಗದಗಿನಲ್ಲಿ ರಾಜೇಸಾಬ ನಡೆಸುತ್ತಿದ್ದ ಪುಟ್ಟ ಸ್ಟುಡಿಯೋದಲ್ಲಿ, ಗೋಡೆಗೆ ಗೋಣಿಚೀಲ ಹೊಡೆದ ಕೋಣೆಯಲ್ಲಿ ನನಗೆ ದನಿ ಬಂತು.

ಅದು ನಿಂಬೆವ್ವನ ದನಿ. ಹತ್ತಿಗಿರಣಿಯಲ್ಲಿ ದುಡಿಯುತ್ತಿದ್ದ ಆಕೆ, ಹೆರಿಗೆಯಲ್ಲಿ ಸತ್ತ ಅಕ್ಕನ ಮೇಲೆ ತಾನೇ ಪದ ಕಟ್ಟಿದ್ದಳು: ‘ಅಕ್ಕಾ ನಿನ್ನ ಬಳಿಗಳ ಸಪ್ಪಳ ಒಲಿಮುಂದ ಉಳದೈತಿ.’ ಮೂರು ಸಲ ಹಾಡಲು ಹೋಗಿ ಮೂರು ಸಲವೂ ಅತ್ತಳು. ನಾಲ್ಕನೆಯ ಸಲ ಹಾಡಿದ್ದು ನನ್ನ ಮೈಮೇಲೆ ಉಳಿಯಿತು.

ರಾಜೇಸಾಬ ನನ್ನಿಂದ ಐನೂರು ಕ್ಯಾಸೆಟ್ಟು ಇಳಿಸಿದ. ಮೊದಲ ವಾರವೇ ಅವು ಖಾಲಿಯಾದವು. ಮತ್ತೆ ಇಳಿಸಿದಾಗ ಒಂದೂ ಹೋಗಲಿಲ್ಲ. ಹಾಡು ಮಾತ್ರ ಟೆಂಪೋದಲ್ಲಿ, ಚಹಾದಂಗಡಿಯಲ್ಲಿ, ಮದುವೆ ಪೆಂಡಾಲಿನಲ್ಲಿ ಕೇಳುತ್ತಲೇ ಇತ್ತು. ಪೇಟೆಯ ವ್ಯಾಪಾರಿ ಚಂಬಣ್ಣ ಒಂದೇ ಕ್ಯಾಸೆಟ್ಟು ಕೊಂಡು ಸಾವಿರಾರು ನಕಲು ತೆಗೆದಿದ್ದ. ಹೊದಿಕೆಯ ಮೇಲೆ ಯಾರದೋ ಚಂದದ ಮುಖ, ಕೆಳಗೆ ‘ಕುಮಾರಿ ಶೋಭಾ’ ಎಂಬ ಹೆಸರು. ಅಂಥ ಶೋಭಾ ಎಲ್ಲೂ ಇರಲಿಲ್ಲ.

ಒಂದು ದಿನ ನಿಂಬೆವ್ವ ಸ್ಟುಡಿಯೋಕ್ಕೆ ಬಂದು ಗೋಡೆಗೆ ಆತು ಕೂತಳು. ಯಾವುದೋ ಸಭೆಯಲ್ಲಿ ಹಾಡಲು ಹೋಗಿದ್ದಳಂತೆ. ಅರ್ಧಕ್ಕೇ ನಿಲ್ಲಿಸಿ, ‘ಶೋಭಾನ ಹಾಡು ಕದ್ದು ಹಾಡಾಕತ್ತೀ’ ಎಂದು ಕೆಳಗಿಳಿಸಿದರಂತೆ.

“ರೊಕ್ಕ ಹೋತಂತ ಅಲ್ಲ ಸಾಹೇಬ್ರ,” ಎಂದಳು. “ನಮ್ಮಕ್ಕನ್ನ ಯಾವಳಿಗೋ ಅಕ್ಕ ಮಾಡ್ಯಾರ.”

ರಾಜೇಸಾಬ ಆಕೆಯನ್ನು ಕರೆದುಕೊಂಡು ಹೋಗಿ ದೂರು ಕೊಟ್ಟ. ಕದ್ದವನ ಯಂತ್ರವನ್ನು ಯಾರೂ ಮುಟ್ಟಲಿಲ್ಲ. ಮೂಲವೇ ಸಾಕ್ಷಿ ಎಂದು ಪೊಲೀಸರು ನನ್ನನ್ನು ಹಿಡಿದರು. ಬಟ್ಟೆ ಸುತ್ತಿ, ಅರಗಿನ ಮುದ್ರೆ ಒತ್ತಿ, ಠಾಣೆಯ ಸೋರುವ ಕೋಣೆಯಲ್ಲಿ ಕಳ್ಳಬಟ್ಟಿಯ ಡಬ್ಬಿಗಳ ಪಕ್ಕ ಒಗೆದರು. ಹನ್ನೊಂದು ವರ್ಷ ಅಲ್ಲಿ ಕೊಳೆತೆ. ಚಂಬಣ್ಣನ ನಕಲುಗಳು ಊರೂರು ತಿರುಗಿದವು. ರಾಜೇಸಾಬನ ಸ್ಟುಡಿಯೋ ಮುಚ್ಚಿತು. ಅಲ್ಲಿ ತಬಲಾ ಬಾರಿಸುತ್ತಿದ್ದವನು ಪಂಕ್ಚರ್ ಅಂಗಡಿ ಇಟ್ಟ.

ಕೊನೆಗೆ ವಿಚಾರಣೆ ಬಂತು. ರಾಜೇಸಾಬ ಧಾರವಾಡದಿಂದ ಹಳೆಯ ಯಂತ್ರವೊಂದನ್ನು ಹೊತ್ತು ತಂದು ನನ್ನನ್ನು ಏರಿಸಿದ. ನಾನು ಹಾಡಬೇಕೆಂದು ಹೆಣಗಿದೆ. ಬೂಷ್ಟು ತಿಂದ ಮೈಯಿಂದ ಬರೀ ಸುಂಯ್ ಎಂಬ ಸದ್ದು ಬಂತು.

ನ್ಯಾಯಾಧೀಶರು ನಿಂಬೆವ್ವನ ಕಡೆ ತಿರುಗಿ, “ನೀವೇ ಹಾಡಿ ತೋರಿಸಿ” ಎಂದರು.

ಆಕೆ ಕಟಕಟೆಯಲ್ಲಿ ನಿಂತು ಹಾಡಿದಳು. ಈ ಸಲ ಅಳಲಿಲ್ಲ. ಹಾಡು ಮುಗಿದಾಗ ಚಂಬಣ್ಣನ ವಕೀಲ ಎದ್ದು ನಿಂತ. “ಕ್ಯಾಸೆಟ್ಟು ಕೇಳಿ ಯಾರು ಬೇಕಾದರೂ ಕಲಿಯಬಹುದು, ಸ್ವಾಮಿ.”

ಪುರಾವೆ ಸಾಲದೆಂದು ಮೊಕದ್ದಮೆ ಬಿದ್ದುಹೋಯಿತು. ನನ್ನನ್ನು ಹಿಂತಿರುಗಿಸುವಾಗ ಜವಾನ ಪ್ರೀತಿಯಿಂದಲೇ ಹೇಳಿದ: “ಅವ್ವಾ, ಶೋಭಾಗಿಂತ ನೀವ ಚಲೋ ಹಾಡ್ತೀರಿ.” ನಿಂಬೆವ್ವ ಹೆಬ್ಬೆಟ್ಟು ಒತ್ತಿ ನನ್ನನ್ನು ಸೆರಗಿಗೆ ಕಟ್ಟಿಕೊಂಡಳು.

ಈಗ ನಾನು ಆಕೆಯ ಮನೆಯ ಗೂಡಿನಲ್ಲಿದ್ದೇನೆ. ಆಕೆ ಹಾಡುವುದಿಲ್ಲ, ಪದ ಕಟ್ಟುವುದೂ ಇಲ್ಲ. ಪಕ್ಕದ ಮನೆಯಲ್ಲಿ ಆ ಹಾಡು ಬಂದರೆ ಎದ್ದು ಕದ ಮುಚ್ಚುತ್ತಾಳೆ. ‘ಒಂದು ಹಾಡು ತಾನೇ, ಕದ್ದರೇನಾಯಿತು’ ಎನ್ನುವವರಿದ್ದಾರೆ. ಕದ್ದವರು ಕದ್ದದ್ದು ಒಂದಲ್ಲ. ಆ ಒಂದರ ನಂತರ ಆಕೆ ಕಟ್ಟಬೇಕಿದ್ದ ಹಾಡುಗಳನ್ನೆಲ್ಲ ಕದ್ದರು. ಅವುಗಳ ನಕಲು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.