ಸೀಮೆಎಣ್ಣೆಯಲ್ಲಿ ಒರೆಸಿದ ನೀಲಿ

ಎಂಬತ್ತೆರಡನೆಯ ಇಸವಿಯ ಆಯುಧಪೂಜೆ ಮುಗಿದ ಎರಡನೆಯ ದಿನ, ಡ್ರಾಯಿಂಗ್ ಮೇಷ್ಟ್ರು ಸುಬ್ಬರಾಮ ಎರಡು ಗೋಣಿತಾಟು, ಒಂದು ಹಳೆಯ ಪಂಚೆ, ಒಂದು ಸುತ್ತು ಹುರಿ ಹೆಗಲಿಗೆ ಹಾಕಿಕೊಂಡು ಹೊಸೂರಿನ ಹೊರಗಿದ್ದ ಕಾರ್ಖಾನೆಗೆ ಬಂದ. ಗೇಟಿನಲ್ಲಿ ಒಡೆದ ಬೂದುಗುಂಬಳದ ಚೂರುಗಳು ಇನ್ನೂ ಬಿದ್ದಿದ್ದವು. ಪಕ್ಕದಲ್ಲೇ ಮದ್ರಾಸಿಗೆ ಹೊರಡುವ ಲಾರಿ ನಿಂತಿತ್ತು. ಅದರಲ್ಲಿ ಅವನ ಚಿತ್ರವೂ ಹೋಗಬೇಕು.

ಮದ್ರಾಸಿನ ಆ ಪ್ರದರ್ಶನಕ್ಕೆ ಅವನು ಅರ್ಜಿ ಹಾಕಲು ಶುರುಮಾಡಿ ಹನ್ನೊಂದು ವರ್ಷವಾಗಿತ್ತು. ಹತ್ತು ವರ್ಷ ‘ವಿಷಾದಿಸುತ್ತೇವೆ’ ಎಂದು ಬಂದಿತ್ತು. ಈ ವರ್ಷ ಅವರು ಚಿತ್ರದ ಫೋಟೋ ನೋಡಿ, ‘ಕಳುಹಿಸಿ’ ಎಂದಿದ್ದರು.

ಚಿತ್ರ ಇದ್ದದ್ದು ಕಾರ್ಖಾನೆಯ ಮುಂದಿನ ಹಾಲಿನಲ್ಲಿ. ಮ್ಯಾನೇಜರ್ ಬದರೀನಾಥ, ಸುಬ್ಬರಾಮ ಒಂದೇ ಬೆಂಚಿನಲ್ಲಿ ಕೂತು ಓದಿದವರು. ‘ಬೊಂಬಾಯಿ ಆಫೀಸಿನಲ್ಲೆಲ್ಲ ಮಾಡರ್ನ್ ಆರ್ಟ್ ತೂಗುಹಾಕ್ತಾರೆ ಕಣೋ, ನಮಗೂ ಒಂದು ಇರ್ಲಿ’ ಎಂದು ಬದರಿ ಕೇಳಿದ್ದ. ಪ್ರದರ್ಶನಕ್ಕೆ ಬೇಕಾದಾಗ ಒಯ್ಯುವ ಮಾತಿನ ಮೇಲೆ ಸುಬ್ಬರಾಮ ಕೊಟ್ಟಿದ್ದ.

ಸೂಳಗಿರಿಯ ಬೆಟ್ಟ ಅದು. ಆದರೆ ಬೆಟ್ಟ ಎಂದು ತೋರಿಸಲು ಅದರಲ್ಲಿ ಏನೂ ಇರಲಿಲ್ಲ. ಕೆಳಗೆ ಕೆಮ್ಮಣ್ಣಿನ ಅಗಲ ಪಟ್ಟಿ, ಮೇಲೆ ಓರೆಯಾಗಿ ಕುಳಿತ ಬೂದು ಬಂಡೆ, ಬಂಡೆ ಆಕಾಶಕ್ಕೆ ತಗಲುವ ಅಂಚಿನಲ್ಲಿ ಒಂದು ಬೆರಳಗಲದ ನೀಲಿ. ಆ ನೀಲಿಯನ್ನು ಪದರದ ಮೇಲೆ ಪದರ ತೆಳ್ಳಗೆ ಎಳೆದು ನಿಲ್ಲಿಸಲು ಏಳು ತಿಂಗಳು ಹಿಡಿದಿತ್ತು. ಚಿತ್ರಕಾರ ಹೆಬ್ಬಾರರು ಒಂದೇ ಗೆರೆಯಲ್ಲಿ ಕುಣಿಯುವವಳ ಸೊಂಟ ತಿರುಗಿಸುವುದನ್ನೂ, ಹುಸೇನರ ಕುದುರೆ ಕಾಗದದಿಂದ ಕತ್ತು ಹೊರಚಾಚುವುದನ್ನೂ ಪತ್ರಿಕೆಗಳಿಂದ ಕತ್ತರಿಸಿ ಮಕ್ಕಳಿಗೆ ತೋರಿಸುತ್ತಿದ್ದ ಮೇಷ್ಟ್ರು ಅವನು. ಒಮ್ಮೆ ಇನ್‌ಸ್ಪೆಕ್ಟರು ಬಂದು, ‘ಈ ಕುದುರೆಗೆ ಕಾಲು ಸರಿಯಿಲ್ವಲ್ರೀ’ ಎಂದಿದ್ದರು. ‘ಅದನ್ನ ಜಟಕಾಗೆ ಕಟ್ಟೋದಿಲ್ಲ ಸಾರ್’ ಎಂದು ಇವನು ಹೇಳಿದ್ದ. ಆಮೇಲೆ ಅವರ ಮೂಗುದನಿಯನ್ನು ಅವನು ಅನುಕರಿಸಿದ್ದು ಅವರ ಕಿವಿಗೆ ಬಿದ್ದು, ಒಂದು ಬಡ್ತಿ ತಪ್ಪಿತ್ತು.

ಹಾಲಿಗೆ ಕಾಲಿಟ್ಟವನು ಅಲ್ಲೇ ನಿಂತ. ನೀಲಿ ಇದ್ದ ಜಾಗದಲ್ಲಿ ಹಸಿರಿತ್ತು. ಎಲೆಯ ಹಸಿರೂ ಅಲ್ಲ, ಪಾಚಿಯ ಹಸಿರೂ ಅಲ್ಲ. ಲೇತ್ ಯಂತ್ರಕ್ಕೆ ಬಳಿಯುವ, ಹೊಳೆಯುವ ತಿಳಿಹಸಿರು. ಹತ್ತಿರ ಹೋದರೆ ಸೀಮೆಎಣ್ಣೆಯ ವಾಸನೆ.

‘ಬದರಿ’ ಎಂದು ಕೂಗಿದ.

ಬದರೀನಾಥ ಕೋಣೆಯಿಂದ ನಗುತ್ತಲೇ ಬಂದ. ‘ಬಂದ್ಯಾ? ಒಂದು ಸಣ್ಣ ಅನಾಹುತ ಆಗಿತ್ತು, ಎಲ್ಲ ಸರಿಮಾಡ್ಸಿದೀನಿ. ಪೂಜೆ ದಿವಸ ನಮ್ಮ ಅಟೆಂಡರ್ ಆವುಲಪ್ಪ ಮಿಷನ್ನಿಗೆಲ್ಲ ವಿಭೂತಿ, ಕುಂಕುಮ ಇಟ್ಕೊಂಡು ಬಂದೋನು ನಿನ್ನ ಚಿತ್ರಕ್ಕೂ ಇಟ್ಬಿಟ್ಟ. ಕಲೆ ಮೇಲೆ ಕಲೆ ಆಯ್ತಲ್ಲ ಅಂತ ನಾನೇ ಒರೆಸ್ದೆ.’

‘ಯಾವುದ್ರಲ್ಲಿ?’

‘ಕಾಟನ್ ವೇಸ್ಟು, ಸೀಮೆಎಣ್ಣೆ. ಇಲ್ಲಿ ಎಲ್ಲಾನೂ ಅದ್ರಲ್ಲೇ ಒರೆಸೋದು. ನೀಲಿ ಸ್ವಲ್ಪ ಕಿತ್ಕೊಂಡ್ ಬಂತು. ಪೇಂಟ್ ಶಾಪಿನ ಸೊಣ್ಣಪ್ಪನ ಕರೆಸಿ ಟಚಪ್ ಮಾಡಿಸ್ದೆ. ಒಳ್ಳೇ ಕೈ ಅವಂದು.’

ಸುಬ್ಬರಾಮನ ಕಿವಿ ಬಿಸಿಯಾಯಿತು. ‘ಕುಂಕುಮ ಒಣ ಬ್ರಷ್ಷಲ್ಲಿ ಉದುರೋದು ಕಣೋ. ವಿಭೂತಿ ಒದ್ದೆ ಬಟ್ಟೇಲಿ ಹೋಗೋದು. ನಮ್ಮ ಸ್ಕೂಲು ಎರಡು ಮೈಲಿ. ಒಂದು ಮಾತು ಹೇಳಿ ಕಳಿಸಕ್ಕೆ ನಿಂಗೆ ಆಳಿರ್ಲಿಲ್ವಾ?’

‘ಹಬ್ಬದಲ್ಲಿ ನಿನ್ನ ಯಾಕೆ ಗಾಬರಿ ಮಾಡೋದು ಅಂತ.’

ಬಾಗಿಲ ಬಳಿಯ ಸ್ಟೂಲಿನಿಂದ ಆವುಲಪ್ಪ ಎದ್ದು ಬಂದ. ಉದ್ದನಪಲ್ಲಿಯವನು, ಐವತ್ತು ದಾಟಿದವನು. ಮೂರು ವರ್ಷದಿಂದ ಆ ಚಿತ್ರದ ಎದುರಿಗೇ ಅವನ ಸ್ಟೂಲು.

‘ತಪ್ಪು ನಂದೇ ಮೇಷ್ಟ್ರೆ’ ಎಂದ.

‘ಅಲ್ಲಯ್ಯ, ಅಲ್ಲಿ ಮಾಲೀಕರ ಫೋಟೋ ಇದೆ. ಕ್ಯಾಲೆಂಡರ್ ಇದೆ. ಅದಕ್ಕೆಲ್ಲ ಇಡದೆ ನನ್ನ ಚಿತ್ರಕ್ಕೇ ಯಾಕೆ ಇಟ್ಟೆ?’

‘ಫೋಟೋಗೆ ಹೂವ ಹಾಕಿವ್ನಿ. ಬೊಟ್ಟು ಇಕ್ಕೋದು ಕೆಲ್ಸ ಮಾಡೋದ್ಕೆ ಮಾತ್ರ. ಲೇತಿಗೆ, ತಕ್ಕಡೀಗೆ, ಲಾರೀಗೆ.’

‘ಇದೇನು ಕೆಲಸ ಮಾಡತ್ತೆ?’

ಆವುಲಪ್ಪ ಮ್ಯಾನೇಜರರ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದ. ‘ನಂಗೆ ಹೇಳಕ್ಕೆ ಬರಾಕಿಲ್ಲ ಸಾಮಿ. ಬೆಳಗ್ಗೆ ಬಾಗ್ಲು ತೆಗೆದ್ರೆ ಆ ನೀಲಿ ಮುಂದ್ಕೆ ಬತ್ತಿತ್ತು. ಬಿಸ್ಲೇರ್ತಿದ್ದಂಗೆ ಹಿಂದ್ಕೆ ಹೋಯ್ತಿತ್ತು, ಅದ್ರ ಹಿಂದ್ಗಡೆ ಬಂಡೇನೂ ಹೋಯ್ತಿತ್ತು. ಸಾಯಂಕಾಲ ಬಂಡೆ ಒಂದೇ ನಿಂತ್ಕಣದು. ಕರೆಂಟಿಲ್ದೆ ಅಷ್ಟು ಓಡಾಡ್ತದಲ್ಲ ಅಂತ ಬೊಟ್ಟಿಕ್ಕಿದೆ. ಅದೂ ಕೆಳಗ್ಡೆ, ಕೆಂಪು ಮಣ್ಣಲ್ಲಿ ಇಕ್ಕಿದ್ದು. ನೀಲೀನ ಮುಟ್ನಿಲ್ಲ.’

ಆ ನೀಲಿಗೆ ಸುಬ್ಬರಾಮ ಕೊಟ್ಟಿದ್ದ ಕೆಲಸ ಅದೇ. ಅದನ್ನು ಅವನು ಯಾರಿಗೂ ಹೇಳಿರಲಿಲ್ಲ, ಕೇಳಿದವರೂ ಇರಲಿಲ್ಲ.

‘ಕೆಳಗಿದ್ದದ್ದಕ್ಕೆ ಮೇಲ್ಯಾಕೆ ಒರೆಸಿದ್ಯೋ?’ ಎಂದು ಬದರಿಯ ಕಡೆ ತಿರುಗಿದ.

‘ಕೆಳಗೆ ಕ್ಲೀನಾಗಿ ಹೊಳೀತು, ಮೇಲೆ ಮಂಕಾಗಿ ಕಾಣ್ತು. ಪೂರ್ತಿ ಒಂದು ಸಲ ಒರೆಸ್ಬಿಟ್ಟೆ.’

‘ಬ್ಯಾಡಿ ಅಂದೆ ನಾನು’ ಎಂದ ಆವುಲಪ್ಪ. ‘ಆಯುಧಕ್ಕಿಕ್ಕಿದ ಬೊಟ್ಟ ಒರೆಸಬಾರ್ದು, ತಾನಾಗೇ ಹೋಗ್ಬೇಕು ಅಂದೆ. ಕೇಳ್ನಿಲ್ಲ.’

‘ನೀನು ಹೋಗಯ್ಯ, ಸ್ಟೂಲಲ್ಲಿ ಕೂತ್ಕೊ’ ಎಂದು ಬದರಿ ಅವನನ್ನು ಅಟ್ಟಿ, ಸುಬ್ಬರಾಮನ ಹೆಗಲ ಮೇಲೆ ಕೈಯಿಟ್ಟ. ‘ಈಗ ಕೋಪ ಬಿಡು. ಮದ್ರಾಸಿನೋರು ನೋಡಿರೋದು ಫೋಟೋ. ಕಪ್ಪು-ಬಿಳುಪು. ಅದ್ರಲ್ಲಿ ನೀಲೀನೂ ಬೂದಿ, ಹಸಿರೂ ಬೂದಿ. ಮೊದಲು ಏನಿತ್ತು ಅಂತ ಯಾರಿಗೆ ಗೊತ್ತಾಗತ್ತೆ? ಮಾಡರ್ನ್ ಆರ್ಟು ತಾನೆ. ಕಳಿಸ್ಬಿಡು. ಹನ್ನೊಂದು ವರ್ಷ ಕಾದಿದೀಯ.’

ಮಾತು ನಿಜವಾಗಿತ್ತು. ಹಸಿರು ಪಟ್ಟಿಯ ಜೊತೆಗೇ ಚಿತ್ರವನ್ನು ಗೋಡೆಗೆ ಹಾಕುತ್ತಾರೆ, ಕೆಳಗೆ ಅವನ ಹೆಸರಿನ ಚೀಟಿ ಅಂಟಿಸುತ್ತಾರೆ. ಯಾರಾದರೂ ಕೈಕಟ್ಟಿ ನಿಂತು, ‘ಕಾರ್ಖಾನೆಯ ಬಣ್ಣವನ್ನು ತಂದು ಪ್ರಕೃತಿಯ ಮೇಲೆ ಹಾಕಿದ ಧೈರ್ಯ’ ಎಂದು ಹೊಗಳಿದರೂ ಹೊಗಳಬಹುದು. ಒಂದು ಗಳಿಗೆ ಸುಬ್ಬರಾಮ ಆ ಚೀಟಿಯನ್ನು ಕಣ್ಣಲ್ಲೇ ಓದಿದ. ಮರುಗಳಿಗೆ ಕಣ್ಣು ಬಾಗಿಲ ಕಡೆ ಹೋಯಿತು. ಕಂಡದ್ದನ್ನು ಕಂಡ ಹಾಗೆ ಹೇಳಿದವನು ಸ್ಟೂಲಿನ ಮೇಲೆ ಬೈಸಿಕೊಂಡು ಕೂತಿದ್ದ. ಏನೂ ಕಾಣದವನು ಸೂಟು ಹಾಕಿಕೊಂಡು ಸಮಾಧಾನ ಹೇಳುತ್ತಿದ್ದ.

ಅವನು ಬದರಿಯ ಕೈ ಸರಿಸಿ, ಗಂಟಲು ಸರಿಮಾಡಿಕೊಂಡು, ಬದರಿಯದೇ ಕೊಬ್ಬಿದ ದನಿಯಲ್ಲಿ ಶುರುಮಾಡಿದ: ‘ಬನ್ನಿ ಬನ್ನಿ, ಇದು ಅಬ್‌ಸ್ಟ್ರಾಕ್ಟು. ಇದ್ರಲ್ಲಿ ತಾವು ಏನು ಬೇಕಾದ್ರೂ ಕಾಣ್ಬಹುದು. ಸೋಫಾಗೆ ಮ್ಯಾಚಾಗತ್ತೆ ನೋಡಿ.’ ಮೂಲೆಯಲ್ಲಿ ಕೂತಿದ್ದ ಟೈಪಿಸ್ಟು ಹುಡುಗಿ ಬಾಯಿಗೆ ಸೆರಗು ಒತ್ತಿಕೊಂಡಳು. ಬದರಿಯ ಮುಖ ಕೆಂಪಾಯಿತು.

‘ಏನು ಬೇಕಾದ್ರೂ ಕಾಣೋದಲ್ಲ ಬದರಿ’ ಎಂದ ಸುಬ್ಬರಾಮ, ಈಗ ತನ್ನದೇ ದನಿಯಲ್ಲಿ. ‘ಇದ್ದದ್ದನ್ನ ಕಾಣೋದು. ನಿನ್ನ ಮಿಷನ್ನಲ್ಲಿ ಒಂದು ನೂಲೆಳೆ ವ್ಯತ್ಯಾಸ ಬಂದ್ರೆ ಪೂರ್ತಿ ಮಾಲು ವಾಪಸ್ ಕಳಿಸ್ತೀಯ. ನನ್ನ ನೀಲಿ ಹೋಗಿ ಹಸಿರಾದ್ರೆ ಯಾರಿಗೆ ಗೊತ್ತಾಗತ್ತೆ ಅಂತೀಯ.’

ಚಿತ್ರವನ್ನು ಇಳಿಸಿಕೊಡಲು ಆವುಲಪ್ಪ ಕರೆಯದೆಯೇ ಬಂದ. ಇಬ್ಬರೂ ಅದನ್ನು ಮೇಜಿನ ಮೇಲೆ ಮಲಗಿಸಿದರು. ಸುಬ್ಬರಾಮ ಜೋಳಿಗೆಯಿಂದ ಬಣ್ಣ ಕೆರೆಯುವ ಚಾಕು ತೆಗೆದು, ಬಲಮೂಲೆಯಲ್ಲಿದ್ದ ತನ್ನ ಹೆಸರನ್ನು ಒಂದೊಂದೇ ಅಕ್ಷರವಾಗಿ ಕೆರೆದುಹಾಕಿದ. ‘ರಾ’ ಮಾತ್ರ ಕ್ಯಾನ್ವಾಸಿನೊಳಕ್ಕೆ ಇಳಿದುಹೋಗಿತ್ತು. ಅದಕ್ಕೆ ಹೊತ್ತು ಹಿಡಿಯಿತು.

‘ಏನೋ ಮಾಡ್ತಿದೀಯ? ಹೆಸರಿಲ್ದೆ ಅವರು ತಗೊಳಲ್ಲ’ ಎಂದ ಬದರಿ.

‘ಬೇಡ. ಇಲ್ಲೇ ತೂಗುಹಾಕ್ಕೋ. ಕೇಳಿದವರಿಗೆ ನಿನ್ನ ಹೆಸರು ಹೇಳು, ಇಲ್ಲ ಸೊಣ್ಣಪ್ಪಂದು ಹೇಳು. ನಂದು ಹೇಳಿದ್ರೆ ಮಾತ್ರ ಬಂದು ಜಗಳ ಮಾಡ್ತೀನಿ.’

ಬರಿಯ ಗೋಣಿತಾಟು ಹೆಗಲಿಗೆ ಹಾಕಿಕೊಂಡು ಹೊರಬಿದ್ದ. ಲಾರಿಯ ಡ್ರೈವರು ತಲೆ ಹೊರಹಾಕಿ, ‘ಎನ್ನ ಸಾರ್, ಪಡಂ, ನಿಮ್ಮ ಚಿತ್ರ ಎಲ್ಲಿ? ಲೇಟಾಯ್ತು’ ಎಂದ.

‘ಬರಲ್ಲ. ನೀನು ಹೊರಡು’ ಎಂದ ಸುಬ್ಬರಾಮ.

ಲಾರಿ ಕೃಷ್ಣಗಿರಿ ರಸ್ತೆಗೆ ತಿರುಗಿತು. ಹಿಂದೆಯೇ ಬಂದಿದ್ದ ಆವುಲಪ್ಪ ಅವನ ಪಕ್ಕದಲ್ಲಿ ನಿಂತು ಕೇಳಿದ: ‘ಆ ನೀಲೀನ ತಿರ್ಗ ಮಾಡಕ್ಕಾಯ್ತದಾ ಮೇಷ್ಟ್ರೆ?’

‘ಅದನ್ನೇ ಮಾಡಕ್ಕಾಗಲ್ಲ’ ಎಂದ ಸುಬ್ಬರಾಮ. ಗೋಣಿತಾಟನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡು ಹೊಸೂರಿನ ದಾರಿ ಹಿಡಿದ.