ಬೀಗಿತ್ತಿಯ ಕಾರ್ಡು

ಅಮ್ಮ ಮಗಳ ಮನೆಗೆ ಬಂದದ್ದು ಪ್ರವಾಸಿ ವೀಸಾದ ಮೇಲೆ. ಹೊಟ್ಟೆನೋವು ಶುರುವಾದದ್ದು ವಾಪಸು ಹೊರಡಲು ವಾರವಿದ್ದಾಗ. ಬೆಳಗಿನಿಂದ ಸೋಫಾದ ಮೇಲೆ ಮುದುಡಿಕೊಂಡು, ಗ್ಯಾಸು, ತಾನಾಗೇ ಹೋಗುತ್ತದೆ ಎನ್ನುತ್ತಿದ್ದಳು. ಮಧ್ಯಾಹ್ನದ ಹೊತ್ತಿಗೆ ವಾಂತಿಯೂ ಆಯಿತು.

ಸರ್ಕಾರಿ ಆಸ್ಪತ್ರೆ ಹತ್ತಿರದಲ್ಲೇ ಇತ್ತು. ಆದರೆ ಹೊರದೇಶದವರನ್ನು ಅಲ್ಲಿ ಬಾಗಿಲಲ್ಲೇ ನಿಲ್ಲಿಸಿ ದುಡ್ಡು ಕೇಳುತ್ತಾರೆ ಎಂದು ಬಸ್ ಡಿಪೋದಲ್ಲಿ ಯಾರೋ ಮಗಳಿಗೆ ಹೇಳಿದ್ದರು. ಅವಳು ಬಸ್ ಓಡಿಸುವವಳು. ಕೇಳಿದರೆ ಕೊಡಲು ಅವಳಲ್ಲಿ ಏನೂ ಇರಲಿಲ್ಲ. ಅವಳ ಅತ್ತೆ ತನ್ನ ಆರೋಗ್ಯ ಕಾರ್ಡನ್ನು ತಂದು ಟೀಪಾಯಿಯ ಮೇಲಿಟ್ಟಳು. ಅತ್ತೆ ಬಹಳ ವರ್ಷಗಳಿಂದ ಇಲ್ಲಿಯವಳೇ. ಬೀಗಿತ್ತಿಯರಿಬ್ಬರದೂ ಒಂದೇ ವಯಸ್ಸು, ಒಂದೇ ಗಾತ್ರ. ಬಂದಾಗಿನಿಂದ ಅಮ್ಮ ಅತ್ತೆಯ ಸ್ವೆಟರು, ಅತ್ತೆಯ ಬೂಟುಗಳಲ್ಲೇ ಓಡಾಡುತ್ತಿದ್ದಳು. ಕಾರ್ಡೂ ಆ ಸಾಲಿಗೆ ಸೇರಿತು.

ತುರ್ತು ವಿಭಾಗದಲ್ಲಿ ಯಾರೂ ಕಾರ್ಡಿನ ಫೋಟೋ ನೋಡಲಿಲ್ಲ. ಡಾಕ್ಟರು ಹೊಟ್ಟೆಯ ಬಲಬದಿ ಒತ್ತಿದಾಗ ಅಮ್ಮ ಹಲ್ಲು ಕಚ್ಚಿದಳು. ಅವರು ಕಂಪ್ಯೂಟರಿನಲ್ಲಿ ಕಾರ್ಡಿನ ಹಳೆಯ ದಾಖಲೆ ನೋಡಿದರು, ಮತ್ತೆ ಹೊಟ್ಟೆ ನೋಡಿದರು.

"ಅಪೆಂಡಿಕ್ಸ್ ಅನ್ನೋಣ ಅಂದ್ರೆ ಅದನ್ನ ಆಗಲೇ ತೆಗೆದಿದ್ದಾರೆ ಅಂತಿದೆ. ಹೊಲಿಗೆ ಗುರುತೇ ಕಾಣ್ತಿಲ್ವಲ್ಲ."

"ಮಾಸಿಹೋಗಿದೆ" ಎಂಬ ಮಾತು ಮಗಳ ಬಾಯಿಂದ ಜಾರಿಬಿಟ್ಟಿತು. ಹಾಗಾದರೆ ಗ್ಯಾಸೇ ಇರಬೇಕು, ಇಂಜೆಕ್ಷನ್ ಕೊಟ್ಟು ಕಳಿಸುತ್ತೇನೆ ಎಂದರು ಡಾಕ್ಟರು.

ಮೂಲೆಯಲ್ಲಿ ಕೂತಿದ್ದ ಅತ್ತೆ ಎದ್ದು ಬಂದು ಸ್ವೆಟರ್ ಎತ್ತಿ ತನ್ನ ಹೊಟ್ಟೆ ತೋರಿಸಿದಳು.

"ಆ ಹೊಲಿಗೆ ಇಲ್ಲಿದೆ ನೋಡಿ. ಕಾರ್ಡು ನಂದು, ನೋವು ನಮ್ಮ ಬೀಗಿತ್ತೀದು. ಅವರು ಹೊರಗಿಂದ ಬಂದೋರು. ಪೊಲೀಸಿಗೆ ಆಮೇಲೆ ಫೋನ್ ಮಾಡಿ, ಮೊದಲು ಅವರನ್ನ ನೋಡಿ."

ಡಾಕ್ಟರು ಯಾರಿಗೂ ಫೋನ್ ಮಾಡಲಿಲ್ಲ. ನರ್ಸನ್ನು ಕರೆದು ಅಮ್ಮನ ಹೆಸರು ಬರೆಸಿದರು. ತುರ್ತಿಗೆ ಬಂದವರು ಯಾವ ದೇಶದವರಾದರೂ ಇಲ್ಲಿ ಮೊದಲು ಚಿಕಿತ್ಸೆ, ಆಪರೇಷನ್ನಿನ ಖರ್ಚಿನ ಮಾತು ಆಮೇಲೆ, ಅದನ್ನೂ ಕಂತಿನಲ್ಲಿ ಕಟ್ಟಬಹುದು ಎಂದರು. ಆಮೇಲೆ ಮಗಳ ಕಡೆ ತಿರುಗಿದರು.

"ಇನ್ನೇನು ಮನೆಗೆ ಕಳಿಸಿಬಿಡ್ತಿದ್ದೆ. ಗೊತ್ತಾಯ್ತಾ?"

ಮಗಳು ಗೋಡೆಗೆ ಒರಗಿದಳು. ಬೈಸಿಕೊಂಡು ಇಷ್ಟು ಹಗುರಾದದ್ದು ಅವಳಿಗೆ ನೆನಪಿರಲಿಲ್ಲ.

ಸಂಜೆಯೇ ಆಪರೇಷನ್ ಆಯಿತು. ಒಡೆಯುವುದರೊಳಗೆ ತೆಗೆದೆವು ಎಂದರು.

ಮಾರನೆಯ ದಿನ ಅಮ್ಮ ದಿಂಬಿಗೊರಗಿ ಕೂತಿದ್ದಳು. ಅತ್ತೆ ಅವಳ ಕಾಲಿಗೆ ತನ್ನದೇ ಕಾಲುಚೀಲ ಹಾಕುತ್ತಿದ್ದಳು.

"ಈಗ ಅಪೆಂಡಿಕ್ಸು ನಿಮಗೂ ಇಲ್ಲ, ನನಗೂ ಇಲ್ಲ" ಎಂದಳು ಅಮ್ಮ. "ಇನ್ನು ನಿಮ್ಮ ಕಾರ್ಡು ನನಗೆ ಸರಿಯಾಗಿ ಹೊಂದತ್ತೆ, ಬೀಗ್ರೇ."

"ಸುಮ್ನಿರಿ, ನಕ್ಕರೆ ಹೊಲಿಗೆ ಬಿಡತ್ತೆ" ಎಂದ ಅತ್ತೆ, ತಾನೇ ಮೊದಲು ನಕ್ಕಳು.